ಮಿಡತೆ ನಿಂತಿದ್ದ ಜಾಗ

ಭಾನುವಾರ, ಊಟವಾದ ಮೇಲೆ

ನನ್ನ ಮಿಡತೆಗೆ,

ಅಪ್ಪನ ಆಶೀರ್ವಾದ. ಇದರ ಜೊತೆ ಬಂದ ಪಾರ್ಸೆಲ್ಲನ್ನು ಮೊದಲೇ ಬಿಚ್ಚಿರುತ್ತೀಯ, ಗೊತ್ತು. ನಿನಗೆ ಯಾವತ್ತು ತಾಳ್ಮೆ ಇತ್ತು? ಒಳಗಿರುವುದು ಅಮ್ಮನ ಲೆನ್ಸು. ಸಿಟ್ಟು ಬಂದು ವಾಪಸು ಕಳಿಸುವ ಮುಂಚೆ ಈ ಪತ್ರವನ್ನು ಪೂರ್ತಿ ಓದು, ಇಷ್ಟೇ ನನ್ನ ಕೋರಿಕೆ. ಕಾಗದ ಅಂದರೆ ‘ಬ್ರೀಫ್ ಅಂಡ್ ಟು ದಿ ಪಾಯಿಂಟ್’ ಇರಬೇಕು ಎಂದು ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಬಡಿದುಕೊಳ್ಳುತ್ತಿದ್ದರು. ಬ್ರೀಫ್ ನನ್ನ ಕೈಲಾಗದು. ಪಾಯಿಂಟಿಗೆ ಸುತ್ತಿ ಬಳಸಿಯಾದರೂ ಬರುತ್ತೇನೆ.

ಅಮ್ಮ ಹೋದ ಮೇಲೆ ಅವಳ ಬೀರು ಖಾಲಿ ಮಾಡಿದ ದಿನ ನೀನು ಆಡಿದ ಮಾತು ನನ್ನ ಕಿವಿಯಿಂದ ಹೋಗಿಲ್ಲ. ಅಕ್ಕ ಆಲ್ಬಮ್ಮುಗಳನ್ನು ಹಾಸಿಗೆಯ ಮೇಲೆ ಹರಡಿದ್ದಳು. ನೀನು ನಿಂತುಕೊಂಡೇ ನಾಲ್ಕು ಪುಟ ತಿರುವಿದೆ. “ಅಕ್ಕನ ಮೂಗಿನ ಮೇಲಿನ ಮಚ್ಚೆ ಕೂಡ ಕಾಣುತ್ತೆ. ನಾನು ನೋಡು, ಹೊಗೆ. ಊರಿಗೆಲ್ಲ ಫೋಟೋ ತೆಗೆದವಳು ನನ್ನ ಮೇಲೆ ಒಂದು ಸಲ ಫೋಕಸ್ ಮಾಡ್ಲಿಲ್ಲ” ಅಂದೆ. ಅಕ್ಕ “ಏ, ಏನೇ ಇದು, ಈಗ ಇದೆಲ್ಲ ಬೇಕಾ?” ಅಂದಳು. ಲೆನ್ಸು ಚಿಕ್ಕವಳಿಗೆ ಎಂದು ಅಮ್ಮ ಹೇಳಿಹೋಗಿದ್ದಾಳೆ ಅಂತ ನಾನು ಡಬ್ಬಿ ಮುಂದೆ ಚಾಚಿದೆ. ಮುಟ್ಟಲಿಲ್ಲ ನೀನು. ಚಹಾ ಸೋಸುವಷ್ಟರಲ್ಲಿ ಮೆಟ್ಟಿಲಿಳಿದಿದ್ದೆ.

ನೀನಂದದ್ದು ನಿಜವೇ ಆಗಿತ್ತು. ಪುಟ ಪುಟದಲ್ಲೂ ನೀನು ಹೊಗೆಯೇ.

ಲೆನ್ಸು ಹಾಗೇ ಮೂಲೆ ಸೇರುತ್ತಿತ್ತೇನೋ. ಹೋದ ತಿಂಗಳು ನಿನ್ನ ಭಾವ ಹೊಸ ಕ್ಯಾಮೆರಾ ತಂದರು. ಮಿರರ್‌ಲೆಸ್ಸು, ಒಳಗೆ ಕನ್ನಡಿಯೇ ಇಲ್ಲವಂತೆ. ಮೂರು ಮೂರು ಕನ್ನಡಿ ನೋಡಿಕೊಂಡು ಬಸ್ಸು ಓಡಿಸುವ ನಿನಗೆ ಇದು ಮೈಗೆ ಒಗ್ಗದ ಮಾತು. ಅದಕ್ಕೆ ಅಮ್ಮನ ಲೆನ್ಸು ಕೂರುತ್ತದಾ ಎಂದು ತಮಾಷೆಗೆ ಕೇಳಿದೆ. “ಕೂರುತ್ತೆ ಮಾವ, ಅಡಾಪ್ಟರ್ ಬೇಕು” ಅಂದರು. ತರಿಸಿದರು. ಅಡಾಪ್ಟರ್ ಅಂದರೆ ಏನೋ ಮಹಾ ಯಂತ್ರ ಅಂದುಕೊಂಡಿದ್ದೆ. ಬಿಚ್ಚಿ ನೋಡಿದರೆ ಒಂದು ಬೋಳು ಉಂಗುರ. ಗಾಜಿಲ್ಲ, ತಂತಿಯಿಲ್ಲ. ಅದರ ಕೆಲಸ ಒಂದೇ: ಹಳೇ ಲೆನ್ಸನ್ನೂ ಹೊಸ ಕ್ಯಾಮೆರಾವನ್ನೂ ಎಷ್ಟು ದೂರ ಇಡಬೇಕೋ ಅಷ್ಟೇ ದೂರದಲ್ಲಿ ಹಿಡಿದಿರುವುದು. ನಗು ಬಂತು. ನಿನ್ನ, ನಿನ್ನಮ್ಮನ ನಡುವೆ ನಾನು ಜೀವಮಾನವಿಡೀ ಮಾಡಿದ್ದು ಇದನ್ನೇ ಅಲ್ಲವಾ?

ಜೋಡಿಸಿ ಗುಂಡಿ ಒತ್ತಿದರೆ ಕ್ಯಾಮೆರಾ ಜಪ್ಪಯ್ಯ ಅನ್ನಲಿಲ್ಲ. ‘ಲೆನ್ಸ್ ಇಲ್ಲ’ ಎಂದು ಪರದೆಯ ಮೇಲೆ ಬರೆದು ತೋರಿಸಿತು. ಕೈಯಲ್ಲಿ ಅದರ ಭಾರ ಗೊತ್ತಾಗುತ್ತಿದೆ, ಎದುರಿನ ಕಿಟಕಿಯ ಸರಳು ಅದರ ಮೂಲಕವೇ ಪರದೆಯಲ್ಲಿ ಕಾಣುತ್ತಿದೆ, ಆದರೂ ಇಲ್ಲ ಅನ್ನುತ್ತದೆ. ಲೆನ್ಸಿನಿಂದ ಯಾವ ಸುದ್ದಿಯೂ ಬರದೆ ಹೋದರೆ ಹಾಗೆಯೇ ಅಂತೆ. ಲೆನ್ಸ್ ಇಲ್ಲದಿದ್ದರೂ ಫೋಟೋ ತೆಗೆ ಎಂದು ಅಪ್ಪಣೆ ಕೊಡಲು ಒಳಗೆಲ್ಲೋ ಒಂದು ಮೆನು ಇದೆ. ಭಾವ ಹುಡುಕಿ ಆನ್ ಮಾಡಿದರು. ಅಮ್ಮ ಹೋದಾಗಿನಿಂದ ಅಂಥದೊಂದು ಮೆನುವಿಗಾಗಿ ನಾನೂ ಹುಡುಕುತ್ತಿದ್ದೇನೆ ಅನ್ನಬೇಕೆಂದಿದ್ದೆ. ಅಳಿಯನ ಮುಂದೆ ಯಾಕೆ ಅಂತ ಲೆನ್ಸು ಒರೆಸತೊಡಗಿದೆ.

ಈಗ ಪಾಯಿಂಟು. ಈ ಲೆನ್ಸು ತಾನಾಗಿ ಫೋಕಸ್ ಮಾಡುವುದಿಲ್ಲ. ಮೈಮೇಲಿನ ಬಳೆಯನ್ನು ಬೆರಳಲ್ಲಿ ತಿರುಗಿಸಬೇಕು. ಅದು ಹೂಂ ಹೂಂ ಅನ್ನುತ್ತ, ಎಣ್ಣೆಯಲ್ಲಿ ಅದ್ದಿದ ಹಾಗೆ, ನಿಧಾನಕ್ಕೆ ತಿರುಗುತ್ತದೆ. ಯಾವುದು ಸ್ಪಷ್ಟವಾಯಿತೋ ಅದರ ಅಂಚಿಗೆ ಪರದೆಯಲ್ಲಿ ಕೆಂಪು ಗೆರೆ ಮೂಡುತ್ತದೆ. ಈ ಕೆಂಪು ಗೆರೆ ಹೊಸ ಕ್ಯಾಮೆರಾದ ಉಪಕಾರ, ಅಮ್ಮನಿಗೆ ಅದೂ ಇರಲಿಲ್ಲ. ನೀರಿನ ಮೀಟರು ಓದಿ ಓದಿ ಸವೆದ ನನ್ನ ಕಣ್ಣಿಗೂ ಅದು ಕಂಡಿತು. ಇನ್ನೇನು, ನಾನೂ ಫೋಟೋಗ್ರಾಫರ್ ಆದೆ ಅಂದುಕೊಂಡು ಅಕ್ಕನ ಮಗಳು ಗುಬ್ಬಿಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದೆ. ಮನೆಯೊಳಗೆ ಬೆಳಕು ಕಡಿಮೆ. ಲೆನ್ಸಿನ ಬಾಯಿ ಪೂರ್ತಿ ತೆರೆಯಬೇಕು. ಆಗ ಒಂದು ಗೇಣು ಹಿಂದೆ ಮುಂದೆ ಆದರೂ ಮುಖ ಮಂಜಾಗುತ್ತದೆ. ಇದಕ್ಕೆ ‘ಡೆಪ್ತ್ ಆಫ್ ಫೀಲ್ಡ್’ ಅಂತಾರೆ. ಅಮ್ಮನ ಬಾಯಲ್ಲಿ ನೂರು ಸಲ ಕೇಳಿದ್ದೆ, ಹೂಂಗುಟ್ಟಿದ್ದೆ, ಅರ್ಥವಾದದ್ದು ಅವತ್ತು.

ಬಳೆ ತಿರುಗಿಸಿದೆ. ಕೆಂಪು ಗೆರೆ ಗುಬ್ಬಿಯ ಹಿಂದಿನ ಬಾಗಿಲ ಮೇಲಿತ್ತು, ಜಡೆಗೆ ಬಂತು, ಇನ್ನೇನು ಕಣ್ಣಿಗೆ ಬರಬೇಕು, ಗುಬ್ಬಿ ಇಲ್ಲ! ನನ್ನ ಮೊಣಕಾಲ ಹತ್ತಿರ ನಿಂತು “ತಾತ, ತೋರಿಸು ತೋರಿಸು” ಅನ್ನುತ್ತಿದ್ದಾಳೆ. ಮತ್ತೆ ಕೂರಿಸಿದೆ, ಮತ್ತೆ ಹಾರಿದಳು. ಮಧ್ಯಾಹ್ನವೆಲ್ಲ ಅವಳ ಬೆನ್ನು ಹತ್ತಿದೆ. ಸಂಜೆ ಭಾವ ಎಲ್ಲ ನೋಡಿ, “ಮಾವ, ಸ್ಟೂಲು ಮಾತ್ರ ಅದ್ಭುತವಾಗಿ ಬಂದಿದೆ, ಅದಕ್ಕೊಂದು ಫ್ರೇಮ್ ಹಾಕಿಸೋಣ” ಅಂದರು. ಅಕ್ಕ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನಗುತ್ತಿದ್ದ ಹಾಗೆಯೇ ಏನೋ ಹೊಳೆದು ಎದ್ದುಹೋಗಿ ಆಲ್ಬಮ್ ತೆಗೆದೆ.

ಮೀಟರಿನ ಅಂಕಿ ನೋಡುವ ನನ್ನ ಭೂತಗನ್ನಡಿ ನೆನಪಿದೆಯಾ? ಅದನ್ನು ಹಿಡಿದು ಒಂದೊಂದೇ ಫೋಟೋ ನೋಡಿದೆ. ಇಷ್ಟು ವರ್ಷ ನಾವೆಲ್ಲ ಹೊಗೆಯಾದ ನಿನ್ನನ್ನೇ ನೋಡಿ ಪುಟ ತಿರುವಿದ್ದೇವೆ. ಹಾಗಾದರೆ ಸ್ಪಷ್ಟವಾಗಿ ಬಂದಿರುವುದು ಯಾವುದು ಎಂದು ಯಾರೂ ನೋಡಲಿಲ್ಲ.

ಮೆಟ್ಟಿಲಿನ ಫೋಟೋದಲ್ಲಿ ನೀನು ಅರ್ಧ ಗಾಳಿಯಲ್ಲಿದ್ದೀಯ. ಸ್ಪಷ್ಟವಾಗಿರುವುದು ನಿನ್ನ ಹಿಂದಿನ ಮೆಟ್ಟಿಲು. ಅದರ ಮೇಲೆ ನೀನು ಅರ್ಧ ತಿಂದು ಇಟ್ಟ ಬಿಸ್ಕತ್ತು, ಹಲ್ಲಿನ ಗುರುತು ಸಮೇತ. ಕಿಟಕಿಯ ಫೋಟೋದಲ್ಲಿ ಸ್ಪಷ್ಟವಾಗಿರುವುದು ಗಾಜಿನ ಮೇಲೆ ಆರುತ್ತಿರುವ ನಿನ್ನ ಉಸಿರಿನ ಮಸುಕು. ಅಕ್ಕನ ಜೊತೆ ನಿಂತ ಫೋಟೋದ ಮೇಲೆ ನಿನಗೆ ಬಹಳ ಸಿಟ್ಟು. ಅದರಲ್ಲಿ ಅಕ್ಕನ ಪಕ್ಕದಲ್ಲಿ ನಿನ್ನ ಚಪ್ಪಲಿಗಳು ಜೋಡಿಯಾಗಿ ನಿಂತಿವೆ, ಬಕ್ಕಲ್ಲು ಕೂಡ ಕಾಣುತ್ತದೆ. ಚಪ್ಪಲಿ ಬಿಟ್ಟು ನೀನು ಹಾರಿದ್ದೀಯ. ಅಕ್ಕ ಅಲ್ಲೇ ಉಳಿದದ್ದರಿಂದ ಸ್ಪಷ್ಟವಾಗಿ ಬಂದಿದ್ದಾಳೆ, ಅಷ್ಟೆ.

ಮಗಳೇ, ಪ್ರತಿಯೊಂದು ಫೋಟೋದಲ್ಲೂ ಅಮ್ಮ ಫೋಕಸ್ ಮಾಡಿರುವುದು ನೀನು ನಿಂತಿದ್ದ ಜಾಗಕ್ಕೆ. ಅವಳ ಬೆರಳು ಒಂದು ಕ್ಷಣ ಹಿಂದೆ ಬೀಳುತ್ತಿತ್ತು. ಕಣ್ಣು ನಿನ್ನ ಮೇಲೇ ಇತ್ತು.

ಗದರಿಸಿ ನಿಲ್ಲಿಸಬಹುದಿತ್ತಲ್ಲ ಅನ್ನುತ್ತೀಯ. ಒಮ್ಮೆ ನಾನೂ ಕೇಳಿದ್ದೆ. “ಸ್ಟುಡಿಯೋದಲ್ಲಿ ದಿನವಿಡೀ ಅಲ್ಲಾಡಬೇಡಿ ಅಲ್ಲಾಡಬೇಡಿ ಅಂತ ಹೇಳಿ ನಾಲಿಗೆ ಬಿದ್ದುಹೋಗಿದೆ. ಇವಳೊಬ್ಬಳಾದರೂ ಅಲ್ಲಾಡಲಿ ಬಿಡಿ” ಅಂದಳು. ಹಾಗಂದವಳೇ ಮುಂದೆ ನಿನ್ನನ್ನು ಅದೇ ಸ್ಟುಡಿಯೋದಲ್ಲಿ ಕೂರು ಅಂದಳು. ಬಸ್ಸು ಓಡಿಸುತ್ತೇನೆ ಅಂದಾಗ, “ಹೋಗೋದಾದರೆ ಹೋಗು, ತಿರುಗಿ ನೋಡಬೇಡ” ಅಂದಳು. ಅದು ತಪ್ಪು ಮಾತು. ಯಾವ ಲೆನ್ಸೂ ಅದನ್ನು ಅಳಿಸುವುದಿಲ್ಲ, ಅಳಿಸು ಎಂದು ನಾನೂ ಕೇಳುವುದಿಲ್ಲ. ನೀನು ತಿರುಗಿ ನೋಡಲಿಲ್ಲ, ಅವಳು ಕರೆಯಲಿಲ್ಲ. ಆದರೆ ಫೋಕಸ್ ಮಾಡಲಿಲ್ಲ ಅನ್ನುವ ಒಂದು ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೋ. ಅವಳಿಗೆ ಕೇಳಿಸಲಿಕ್ಕಿಲ್ಲ, ನಾನು ಕೇಳಿಸಿಕೊಳ್ಳುತ್ತೇನೆ.

ಅಡಾಪ್ಟರನ್ನೂ ಪಾರ್ಸೆಲ್ಲಿನಲ್ಲಿ ಇಟ್ಟಿದ್ದೇನೆ. ಭಾವನ ಕ್ಯಾಮೆರಾದಂಥದ್ದು ಎಲ್ಲಾದರೂ ಸಿಕ್ಕರೆ ಹಾಕಿ ನೋಡು. ಲೆನ್ಸ್ ಇಲ್ಲ ಅನ್ನುತ್ತದೆ. ನಂಬಬೇಡ.

ಡ್ಯೂಟಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು.

ಇತಿ,
ನಿನ್ನ ದಾರಿ ನೋಡುವ
ಅಪ್ಪ

ಮರೆತು ಸೇರಿಸಿದ್ದಲ್ಲ, ಕೊನೆಗೆಂದೇ ಇಟ್ಟುಕೊಂಡಿದ್ದೆ: ಆಲ್ಬಮ್ಮಿಗೆ ಅಂಟಿಸದ ಒಂದು ಫೋಟೋ ಲೆನ್ಸಿನ ಡಬ್ಬಿಯ ತಳದಲ್ಲಿ ಸಿಕ್ಕಿತು. ಕೆಟ್ಟ ಫೋಟೋ ಎಂದುಕೊಂಡೆ, ಯಾಕೆಂದರೆ ಅದರಲ್ಲಿ ಯಾರೂ ಇಲ್ಲ. ನಮ್ಮ ಹಳೇ ಮನೆಯ ಗೇಟು ಅರ್ಧ ತೆರೆದಿದೆ. ಆಚೆ ಬರೀ ರಸ್ತೆ. ಗೇಟಿನ ಮೇಲೆ ಒಂದು ನೀಲಿ ಛತ್ರಿ ನೇತಾಡುತ್ತಿದೆ, ಬಸ್ಸು ಓಡಿಸುತ್ತೇನೆಂದು ಮನೆ ಬಿಟ್ಟ ದಿನ ನೀನು ಸಿಟ್ಟಿನಲ್ಲಿ ಮರೆತು ಹೋದದ್ದು. ಛತ್ರಿಯ ಒಂದೊಂದು ಹೊಲಿಗೆಯೂ ಸ್ಪಷ್ಟವಾಗಿದೆ. ಈ ಫೋಟೋವನ್ನು ಪಾರ್ಸೆಲ್ಲಿನಲ್ಲಿ ಹಾಕಿಲ್ಲ. ನೀನೇ ಬಂದು ನೋಡಬೇಕು. ಛತ್ರಿಯೂ ಇಲ್ಲೇ ಇದೆ.