ಓನರಮ್ಮ ಬರುವ ಹೊತ್ತು

ಮಾರ್ಚ್ 3, ಬೆಳಿಗ್ಗೆ

ಎರಡನೇ ಸಲ ಬೆಡ್‌ಶೀಟ್ ಬದಲಿಸಿದ್ದಾಯಿತು. ಮಷೀನ್ ತಿರುಗುತ್ತಿದೆ. ಇವರು ಕುರ್ಚಿಯಲ್ಲಿ ಕೂತು ಒಗೆದ ಟವೆಲ್ ಮಡಿಸುತ್ತಿದ್ದಾರೆ. ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು. ನಮ್ಮ ಇಸ್ತ್ರಿ ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಕೈಗಳಿಗೆ ಮಾತ್ರ ಅಲ್ಝೈಮರ್ಸ್ ತಗುಲಿಲ್ಲ.

ಏಳು ಗಂಟೆಯ ಸೀರಿಯಲ್‌ನಲ್ಲೂ ಒಬ್ಬ ಗಂಡನಿಗೆ ಇದೇ ಕಾಯಿಲೆ. ಅವನ ಶರ್ಟಿನ ಕಾಲರ್ ನೋಡಬೇಕು... ಟೀ ಚೆಲ್ಲಿದ ಕಲೆ ಒಂದಾದರೂ ಬೇಡವೇ? ಕಿಟಕಿ ಪಕ್ಕ ನಿಂತು ಕಣ್ಣು ತುಂಬಿಕೊಳ್ಳುವುದೇ ಅವನ ಕಾಯಿಲೆ. ಬಾತ್‌ರೂಮಿಗೆ ಹೋಗಿದ್ದನ್ನೇ ನಾನು ಕಾಣೆ. ಹೆಂಡತಿಯ ಒಂದು ಕೂದಲೂ ಕೆದರಿಲ್ಲ. ಪುಣ್ಯವಂತೆ.

ಮಾರ್ಚ್ 4

ಇವರು ನನ್ನನ್ನು ಸಿಸ್ಟರ್ ಅನ್ನುತ್ತಾರೆ. ನರ್ಸ್ ಅಂದುಕೊಂಡಿದ್ದಾರೆ. ಮೊದಲು ಓನರಮ್ಮ ಅನ್ನುತ್ತಿದ್ದರು. ಅಂಗಡಿಯ ಕೌಂಟರಿನಲ್ಲಿ ಕೂರುತ್ತಿದ್ದವಳು ನಾನು, ಒಳಗೆ ಬೆವರು ಸುರಿಸಿ ಇಸ್ತ್ರಿ ಹಾಕುತ್ತಿದ್ದವರು ಇವರು. ಕಾಲೆಳೆಯಲು ಇಟ್ಟ ಹೆಸರು ಮನೆಗೂ ಬಂತು. ಆಗೆಲ್ಲ ಸಿಟ್ಟು ಬರುತ್ತಿತ್ತು. ಈಗ ನನ್ನ ಮುಖ ನೋಡಿ ಒಂದೇ ಒಂದು ಸಲ ಹಾಗೆ ಕರೆದರೆ ಸಾಕು. ಬೇರೇನೂ ಬೇಡ.

ಮಾರ್ಚ್ 11

ಸೀರಿಯಲ್‌ನ ಹೆಂಡತಿ ಇವತ್ತು ಮದುವೆ ಫೋಟೋ ತೋರಿಸಿದಳು. ಹಿನ್ನೆಲೆಯಲ್ಲಿ ಪಿಟೀಲು. ಅವನು ಹೆಸರು ಹಿಡಿದು ಕರೆದೇಬಿಟ್ಟ. ಸುಳ್ಳು ಅಂತ ಗೊತ್ತು — ಆದರೂ ಅತ್ತುಬಿಟ್ಟೆ.

ಮುಗಿಯುವುದೇ ತಡ, ನಾದಿನಿಯ ಫೋನ್. ಅತ್ತಿಗೆ ನೋಡಿದ್ರಾ, ಪ್ರೀತಿಯಿಂದ ಮಾತಾಡಿಸಿದ್ರೆ ನೆನಪು ಬಂದೇ ಬರುತ್ತೆ ಅಂದಳು. ಅಂದರೆ ಕಡಿಮೆ ಬಿದ್ದಿರುವುದು ನನ್ನ ಪ್ರೀತಿ. ಒಂದು ವಾರ ಬಂದು ಇದ್ದು ಅಣ್ಣನಿಗೆ ಸ್ನಾನ ಮಾಡಿಸು ತಾಯಿ ಅನ್ನೋಣ ಅಂತ ಬಾಯಿ ತನಕ ಬಂತು. ಹೂಂ ಅಂದು ಇಟ್ಟೆ.

ಮಾರ್ಚ್ 12

ನಾನೂ ನಮ್ಮ ಮದುವೆ ಫೋಟೋ ಹೊರತೆಗೆದೆ. ಬರೆಯಲು ನಾಚಿಕೆ — ಒಳ್ಳೆಯ ಸೀರೆ ಉಟ್ಟೆ, ತಲೆ ಬಾಚಿಕೊಂಡೆ. ಇವರು ಬಹಳ ಹೊತ್ತು ನೋಡಿದರು. ಹುಡುಗನ ಕೋಟ್‌ಗೆ ಸರಿಯಾಗಿ ಇಸ್ತ್ರಿ ಬಿದ್ದಿಲ್ಲ ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವರೂ ನಕ್ಕರು. ಆಮೇಲೆ ಸಂಕೋಚದಿಂದ,

"ಸಿಸ್ಟರ್, ನೀವಿನ್ನು ಹೊರಡಿ. ನಮ್ಮ ಓನರಮ್ಮ ಬರೋ ಹೊತ್ತಾಯ್ತು."

ನನ್ನ ಹೆಸರೇ. ಆದರೆ ಕರೆದದ್ದು ನನ್ನನ್ನಲ್ಲ.

ಮಾರ್ಚ್ 19

ದಿನಾ ಸಂಜೆ ಇದೇ ಕಥೆ. ಬಾಗಿಲ ಕಡೆ ಕಣ್ಣು. ನನ್ನ ಹತ್ತಿರ ಅವಳ ಗುಣಗಾನ. ಅವಳು ಬೈದ ದಿನ ಕೆಲಸ ಚೆನ್ನಾಗಿ ಸಾಗುತ್ತದಂತೆ. ಅವಳು ತವರಿಗೆ ಹೋದರೆ ಊಟ ಸೇರುವುದಿಲ್ಲವಂತೆ. ಇಷ್ಟು ವರ್ಷ ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ ಮಹಾರಾಯರು. ಕೇಳುತ್ತ ಕೂರುತ್ತೇನೆ. ಅವಳ ಮೇಲೆ ಹೊಟ್ಟೆಕಿಚ್ಚು.

ಏಪ್ರಿಲ್ 2, ಸಂಜೆ

ಮಾಡಿಯೇಬಿಟ್ಟೆ. ಹುಚ್ಚುತನ ಅಂದರೆ ಅನ್ನಲಿ. ಸಿಸ್ಟರ್ ಹೊರಟಳು ಅಂತ ಹೇಳಿ, ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡೆ. ಮೆಟ್ಟಿಲ ಮೇಲೆ ನಿಂತು ಸೆರಗು ಸರಿಮಾಡಿಕೊಂಡೆ. ಓನರಮ್ಮನಾಗಿ ಬರೋಣ ಅಂತ. ಬೆಲ್ ಒತ್ತಿದೆ.

ಇವರೇ ತೆಗೆದರು. ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು. ಗುಂಡಿಗಳನ್ನು ತಾವೇ ಹಾಕಿಕೊಂಡಿದ್ದರು, ಮೇಲಿನದು ಕೆಳಗೆ. ಮುಖ ಅರಳಿತ್ತು. ನನ್ನನ್ನು ನೋಡಿದರು. ಮತ್ತೆ ನನ್ನ ಹೆಗಲಾಚೆಗೆ ಬೀದಿ ನೋಡಿದರು.

"ಅವಳಿನ್ನೂ ಬಂದಿಲ್ಲ. ಒಳಗೆ ಬನ್ನಿ, ಇಬ್ರೂ ಕಾಯೋಣ."

ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಟೀವಿ ಹಾಕಿಲ್ಲ. ಬಾಗಿಲು ತೆರೆದೇ ಇದೆ. ನನ್ನ ಕಣ್ಣೂ ಅತ್ತಲೇ. ಮೆಟ್ಟಿಲಲ್ಲಿ ಚಪ್ಪಲಿ ಸದ್ದಾದರೆ ಸಾಕು, ಇವರಿಗಿಂತ ಮೊದಲು ನಾನೇ ಎದ್ದು ನೋಡುತ್ತೇನೆ, ಅವಳು ಬಂದಳೇನೋ ಅಂತ.