ಒಬ್ಬರೆಂದರೆ ಒಂದೇ

ಮಂಗಳವಾರ, ಮಾರ್ಚ್ ೧೧

ವಿಶ್ವವಿದ್ಯಾಲಯ ಊರಿಗೆಷ್ಟು ಉಪಕಾರ ಮಾಡಿದೆಯೆಂದು ಅಳೆಯುವ ವರದಿ ಮುಗಿಯಿತು. ಒಬ್ಬರು ಎಷ್ಟು ಸಲ ಬಂದರೂ ಲೆಕ್ಕ ಒಂದೇ; ಈ ನಿಯಮ ಹೊಸೆದ ಮಹಾಮೇಧಾವಿ ನಾನೇ. ಹಾಗಾಗಿ ವಿಶ್ವವಿದ್ಯಾಲಯದ ಒಂದು ದಿನದ ಮೇಳದಲ್ಲಿ ಪುಕ್ಕಟೆ ಪೆನ್ನು ಜೇಬಿಗಿಳಿಸಿ ಹೋದವರು ಎರಡು ಸಾವಿರ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡು, ನಮ್ಮ ವಾಕ್‌ಚಿಕಿತ್ಸೆಗೆ ಅರವತ್ತೊಂದು ಮಂಗಳವಾರ ಬಂದ ದರ್ಜಿ ಲೆಕ್ಕದಲ್ಲಿ ಬರೀ ಒಬ್ಬರು. ಲೆಕ್ಕಕ್ಕೆ ಹನ್ನೊಂದೇ ಜನ ಸಿಕ್ಕರೆಂದು ಆ ಚಿಕಿತ್ಸಾಲಯವನ್ನು ಈ ವಾರವೇ ಮುಚ್ಚುತ್ತಾರೆ.

ಸಂಜೆ ಚಿಕಿತ್ಸೆ ಮುಗಿಸಿ ದರ್ಜಿಯ ಹೆಂಡತಿ ಅವರನ್ನು ಕೈಹಿಡಿದು ನನ್ನ ಕಚೇರಿಗೆ ಕರೆತಂದರು. "ಸಾರ್, ಇವತ್ತು ನನ್ನನ್ನ 'ಲೇ' ಅಂದ್ರು! ಮದುವೆಯಾದಾಗಿಂದ ಆ 'ಲೇ'ಗೆ ಜಗಳ ಆಡಿದ್ದೀನಿ, ಇವತ್ತು ಅತ್ತೇಬಿಟ್ಟೆ. ಮುಂದಿನ ವಾರ ನನ್ನ ಹೆಸರು ಹೇಳಿಸ್ತೀರಲ್ವಾ?"

ನಿಜ ಹೇಳಲು ನನ್ನ ನೆಟ್ಟಗಿನ ನಾಲಿಗೆ ಹೊರಳಲಿಲ್ಲ. "ಬನ್ನಿ" ಎಂದೆ. ದರ್ಜಿ ಅರ್ಧ ಬಾಯಲ್ಲೇ ನಕ್ಕರು. ಮುಂದಿನ ಮಂಗಳವಾರ ಅವರಿಬ್ಬರೂ ಬೀಗದ ಮುಂದೆ ನಿಂತಾಗ ನಾನು ಯಾವ ಲೆಕ್ಕ ಹೇಳಲಿ?