ಅಪ್ಪ ಆರಿಸಿದ ಪಾಸ್‌ವರ್ಡ್

ಚಿಕ್ಕಪ್ಪನಿಗೆ ನಮಸ್ಕಾರ.

ಅಪ್ಪನಿಗೆ ಲಕ್ವಾ ಹೊಡೆದು ತಿಂಗಳಾಯಿತು. ಮಾತು ಹೋಗಿದೆ, ಮುಖ ಸೊಟ್ಟಗಾಗಿದೆ. ತೀರಿಕೊಂಡ ಅಮ್ಮನ ಧ್ವನಿ ರೆಕಾರ್ಡ್ ಮಾಡಿ ಇಟ್ಟಿದ್ದ ಫೋನಿನ ಖಾತೆ ಅವರ ಮುಖ ನೋಡಿ ತೆರೆಯುತ್ತಿತ್ತು. ಈಗ ಗುರುತು ಹಿಡಿಯದೆ ಪಾಸ್‌ವರ್ಡ್ ಕೇಳುತ್ತಿದೆ. ಗಡಿಯಾರ ರಿಪೇರಿಗೆ ಕೂರುವ ಮುಂಚೆ ದಿನಾ ಆ ಧ್ವನಿ ಕೇಳುತ್ತಿದ್ದರು.

ಪಾಸ್‌ವರ್ಡುಗಳನ್ನೆಲ್ಲ ಅಂಗಡಿಯ ಹಳೇ ರಸೀದಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯಾರಾದರೂ ಕದ್ದಾರೆಂದು ಬೈದು, ನಾನೇ ಎಲ್ಲವನ್ನೂ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪಿಗೆ ಹಾಕಿ, ಪುಸ್ತಕ ಹರಿದು ಬಿಸಾಕಿದೆ. ಆ ಆ್ಯಪ್ ತೆರೆಯುವ ಒಂದೇ ಒಂದು ಪಾಸ್‌ವರ್ಡನ್ನು ಅವರೇ ಆರಿಸಿದರು. "ಯಾರಿಗೂ ಹೇಳ್ಬೇಡಪ್ಪ, ನನಗೂ ಹೇಳ್ಬೇಡ," ಅಂದಿದ್ದೆ.

ನೀವಿಬ್ಬರೂ ಮಾತು ಬಿಟ್ಟು ವರ್ಷಗಳಾದವು, ಗೊತ್ತು. ಬರುವುದೇನೂ ಬೇಡ. ಚಿಕ್ಕಂದಿನಲ್ಲಿ ನೀವು ಸಾಕಿದ ನಾಯಿಯ ಹೆಸರು, ಶಾಲೆಯಲ್ಲಿ ಅವರಿಗಿದ್ದ ಅಡ್ಡಹೆಸರು, ನೆನಪಾದಷ್ಟು ಬರೆದು ಕಳಿಸಿ. ಪಾಸ್‌ವರ್ಡ್ ಇರಬಹುದೆಂದು ಹಾಕಿ ನೋಡಿ, ನನಗೆ ಗೊತ್ತಿರುವ ಪದಗಳೆಲ್ಲ ಮುಗಿದವು.

ಅಕ್ಷರಮಾಲೆಯ ಹಾಳೆ ಮುಂದೆ ಹಿಡಿದು, "ತೋರಿಸಪ್ಪ," ಎಂದು ದಿನಾ ಬೇಡುತ್ತೇನೆ. ಆಡುವ ಒಂದು ಕೈಯನ್ನು ಮೆಲ್ಲಗೆ ಎತ್ತಿ, ತುಟಿಯ ಮೇಲೆ ಬೆರಳಿಟ್ಟು, ಅರ್ಧ ಮುಖದಲ್ಲಿ ನಗುತ್ತಾರೆ. ಮೊದಲಿಂದಲೂ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದವರು, ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ.

ನಿಮ್ಮ ಅಣ್ಣನ ಮಗಳು